ಮೊಸರಾಗಲು ಒಪ್ಪದ ಹಾಲು

ನಮ್ಮ ಗದ್ದೆ ಕೊಯ್ಲಿಗೆ ದಿನ ಗೊತ್ತಾಗಿತ್ತು. ಶನಿವಾರ ಮಧ್ಯಾಹ್ನ ಸಕಲೇಶಪುರದಿಂದ ಹೆತ್ತೂರು ಕಡೆಯ ಬಸ್ಸು ಹತ್ತಿ ಊರಿನ ತಿರುವಿನಲ್ಲಿ ಇಳಿದರೆ, ತಮ್ಮನ ಹೆಂಡತಿ ಅಲ್ಲೇ ಕಾಯುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ, ಆಲೂರು ಕಡೆಯವಳು. ನನ್ನನ್ನು ಕರೆದೊಯ್ಯಲು ಹಿಂದೆಂದೂ ಬಸ್ಸಿನ ತನಕ ಬಂದವಳಲ್ಲ. ನನ್ನ ಕೈಯಿಂದ ಚೀಲ ಇಸಿದುಕೊಂಡು ಮುಂದೆ ಮುಂದೆ ನಡೆದಳು. ಆಮೇಲೆ ಹೇಳಿದಳು:

“ಅಕ್ಕ, ಕೊಯ್ಲಿನ ದಿನ ನಾನು ತವರಿಗೆ ಹೋಗ್ಬೇಕಂತೆ.”

“ಯಾಕೆ? ನಿಮ್ಮವ್ವಂಗೆ ಹುಷಾರಿಲ್ವಾ?”

“ನಮ್ಮವ್ವ ಗುಂಡ್ಕಲ್ಲಂಗೆ ಅವ್ಳೆ. ನನ್ ಕೈಗುಣ ಸರಿಯಿಲ್ವಂತೆ. ಅಜ್ಜಿ ಹೇಳ್ತು.”

ವಿಷಯ ಇಷ್ಟು. ಒಂದು ವಾರದಿಂದ ನಮ್ಮ ಮನೆಯಲ್ಲಿ ಹಾಲು ಮೊಸರಾಗುತ್ತಿರಲಿಲ್ಲ. ರಾತ್ರಿ ಹೆಪ್ಪು ಹಾಕಿಟ್ಟರೆ ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತಿತ್ತು. ಇನ್ನೊಂದು ದಿನ ಬಿಟ್ಟರೆ ಲೋಳೆ ಲೋಳೆಯಾಗಿ ಒಂಥರಾ ವಾಸನೆ ಬರುತ್ತಿತ್ತೇ ಹೊರತು ಮೊಸರು ಮಾತ್ರ ಕಟ್ಟುತ್ತಿರಲಿಲ್ಲ. ಮೊದಲು ಚಳಿ ಎಂದರಂತೆ. ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕದಲ್ಲಿಟ್ಟರಂತೆ. ಆಮೇಲೆ ಹೆಪ್ಪು ಹಳತಾಯಿತು ಎಂದರಂತೆ. ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಹೊಸ ಹೆಪ್ಪು ತಂದು ಹಾಕಿದರಂತೆ. ಅದೂ ಕೂರಲಿಲ್ಲ. ಕೊನೆಗೆ ಉಳಿದದ್ದು ಹೆಪ್ಪು ಹಾಕುವವಳ ಕೈ.

ಇದು ಬೇರೆ ಕಡೆಯವರಿಗೆ ಸಣ್ಣ ವಿಷಯ ಅನ್ನಿಸಬಹುದು. ನಮ್ಮಲ್ಲಿ ಗದ್ದೆ ಕೊಯ್ಲು ಈಗಲೂ ಮುಯ್ಯಾಳಿನಲ್ಲಿ ನಡೆಯುತ್ತದೆ. ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ಕಾಫಿ ಹಣ್ಣು ಬಿಡಿಸುವ ಕಾಲವೂ ಅದೇ ಆದ್ದರಿಂದ ಆಳುಗಳೆಲ್ಲ ಎಸ್ಟೇಟುಗಳಲ್ಲಿರುತ್ತಾರೆ. ಕೇರಿಯವರು ಒಬ್ಬರಿಗೊಬ್ಬರು ಹೆಗಲು ಕೊಡದಿದ್ದರೆ ಭತ್ತ ಗದ್ದೆಯಲ್ಲೇ ಉದುರಿಹೋಗುತ್ತದೆ, ಇಲ್ಲವೇ ಆನೆಯ ಪಾಲಾಗುತ್ತದೆ. ಬಂದವರಿಗೆ ಕೂಲಿ ಇಲ್ಲ, ಊಟ. ಆ ಊಟದ ಕೊನೆಗೆ ಗಟ್ಟಿ ಮೊಸರು ಬೀಳಬೇಕು. ಮನೆಗೆ ಹೊಸ ಸೊಸೆ ಬಂದ ವರ್ಷ ಹೆಪ್ಪು ಹಾಕುವವಳೂ ಅವಳೇ, ಎಲೆಗೆ ಮೊಸರು ಬಡಿಸುವವಳೂ ಅವಳೇ. ಮದುವೆ ಚೌಟ್ರಿಯಲ್ಲಿ ಅವಳ ಮುಖವನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ಇವಳು ಇಂಥವರ ಮನೆಯವಳು ಎಂದು ಕೇರಿ ಒಪ್ಪುವುದು ಆ ಮೊಸರಿನ ಸುತ್ತಿನಲ್ಲಿ. ಆ ದಿನವೇ ಅವಳನ್ನು ತವರಿಗೆ ಕಳಿಸುವುದೆಂದರೆ ಇಡೀ ಕೇರಿಗೆ ಡಂಗುರ ಹೊಡೆದ ಹಾಗೆ.

“ಅವ್ನೇನಂದ?” ಎಂದು ಕೇಳಿದೆ. ಅವನೆಂದರೆ ನನ್ನ ತಮ್ಮ.

“ಅವ್ರೇನಂತಾರೆ. ‘ಎರಡು ದಿನ ಹೋಗ್ಬಾ, ಅಜ್ಜಿ ಮಾತಿಗ್ಯಾಕೆ ಎದುರಾಡ್ತೀಯ’ ಅಂದ್ರು.”

“ಅವನ ತಲೆ.”

ಅವಳಿಗೆ ಆಗ ಸ್ವಲ್ಪ ನಗು ಬಂತು.

ನಾನು ಯಾರೆಂದು ಹೇಳಬೇಕು. ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅವ್ವ ಊರಿನವರ ತೋಟಗಳಲ್ಲಿ ಹಣ್ಣು ಬಿಡಿಸಿ, ಅಪ್ಪ ಎಸ್ಟೇಟುಗಳಲ್ಲಿ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಮರಗಸಿ ಕೆಲಸ ಮಾಡಿ ನನ್ನನ್ನು ಹಾಸನದ ಹಾಸ್ಟೆಲ್ಲಿಗೆ ಸೇರಿಸಿದರು. ಮೊದಲ ವರ್ಷ ಇಂಗ್ಲಿಷ್ ಪಾಠ ಅರ್ಥವಾಗದೆ ಬಚ್ಚಲಮನೆಯಲ್ಲಿ ಅತ್ತಿದ್ದೇನೆ. ಒಂದೇ ಪುಟವನ್ನು ಅರ್ಥವಾಗುವ ತನಕ ಓದಿದ್ದೇನೆ. ಫಾರ್ಮಸಿ ಪದವಿ ಪಡೆದ ದಿನ ಕರಿಯ ಗೌನು, ಟೋಪಿ ಹಾಕಿಕೊಂಡು ತೆಗೆಸಿದ ಫೋಟೋವನ್ನು ಅಪ್ಪ ದೇವರ ಪಟದ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದಾರೆ. ಅಜ್ಜಿ ದಿನವೂ ದೇವರಿಗೆ ಹೂವಿಡುವಾಗ ನನಗೂ ಒಂದು ಸಿಕ್ಕಿಸುತ್ತಾಳೆ. “ಬದುಕಿರೋರಿಗೆ ಯಾಕಜ್ಜಿ?” ಎಂದರೆ, “ಟೋಪಿ ಚೆನ್ನಾಗೈತೆ, ಇರ್ಲಿ ಬುಡು” ಎನ್ನುತ್ತಾಳೆ. ನನಗೆ ಆ ಫೋಟೋದ ಬಗ್ಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಈಗ ಸಕಲೇಶಪುರದಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿದ್ದು, ವಾರದ ಕೊನೆಗೆ ಊರಿಗೆ ಬರುತ್ತೇನೆ. ಅಂಗಡಿಯಲ್ಲಿ ನನ್ನ ಅರ್ಧ ಕೆಲಸ ಔಷಧಿ ಕೊಡುವುದು, ಇನ್ನರ್ಧ ಕೊಡುವುದಿಲ್ಲ ಎನ್ನುವುದು. ಅದರಲ್ಲೂ ಆಂಟಿಬಯಾಟಿಕ್. ಒಮ್ಮೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಮಫ್ಲರ್ ಸುತ್ತಿಕೊಂಡು ಬಂದು, “ನೆಗಡಿ ಕಣಮ್ಮ, ಒಂದು ಸ್ಟ್ರಾಂಗ್ ಆಂಟಿಬಯಾಟಿಕ್ ಕೊಟ್ಬುಡು. ಒಂದೇ ಏಟಿಗೆ ಹೋಗ್ಬೇಕು” ಎಂದರು.

“ನೆಗಡಿ ಬರೋದು ವೈರಸ್ಸಿಂದ ಸಾರ್. ಈ ಮಾತ್ರೆ ಬ್ಯಾಕ್ಟೀರಿಯಾಗೆ ಮಾತ್ರ. ನೆಗಡಿಗೆ ಇದನ್ನ ನುಂಗೋದೂ, ಕಳೆಗೆ ಹೊಡೆಯೋ ಔಷಧಿನ ಕಾಡಾನೆ ಮೇಲೆ ಹೊಡೆಯೋದೂ ಒಂದೇ.”

“ಆನೆ ಓಡೋಗಲ್ವಾ?”

“ಆನೆ ಅಲ್ಲೇ ನಿಂತಿರ್ತದೆ. ನಿಮ್ ಹೊಟ್ಟೆ ಕೆಟ್ಟು ನೀವು ಓಡ್ತೀರ.”

ರೈಟರು ನಕ್ಕು ಆವಿ ತೆಗೆದುಕೊಳ್ಳುವ ಮಾತ್ರೆ ಕೊಂಡುಹೋದರು.

ಕೌಂಟರಿನಲ್ಲಿ ನಿಂತು ಎಷ್ಟೋ ಜನಕ್ಕೆ ಹೇಳಿ ಹೇಳಿ ಇದು ನನಗೆ ಬಾಯಿಪಾಠವಾಗಿದೆ. ಬ್ಯಾಕ್ಟೀರಿಯಾ ಎಂಬ ಸಣ್ಣ ಜೀವಕ್ಕೆ ಮೈಸುತ್ತ ಒಂದು ಗೋಡೆ ಇರುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ಅದು ಗೋಡೆಯನ್ನೂ ಕಟ್ಟಿಕೊಳ್ಳುತ್ತಿರಬೇಕು. ಪೆನಿಸಿಲಿನ್ ಜಾತಿಯ ಔಷಧಿ ಹೋಗಿ ಗಾರೆಯವನ ಕೈ ಹಿಡಿದುಕೊಳ್ಳುತ್ತದೆ. ಗೋಡೆ ಅರ್ಧಕ್ಕೆ ನಿಲ್ಲುತ್ತದೆ, ಒಳಗಿನ ಒತ್ತಡಕ್ಕೆ ಮನೆಯೇ ಒಡೆಯುತ್ತದೆ. ನಮ್ಮ ಮೈಯ ಕಣಗಳಿಗೆ ಅಂಥ ಗೋಡೆಯೇ ಇಲ್ಲ, ಆದ್ದರಿಂದ ನಮಗೆ ಆ ಪೆಟ್ಟು ಬೀಳುವುದಿಲ್ಲ. ಇನ್ನು ಕೆಲವು ಔಷಧಿಗಳು ಗೋಡೆಯ ಗೋಜಿಗೆ ಹೋಗದೆ ಅದರ ಅಡುಗೆಮನೆಗೆ ಬೀಗ ಹಾಕುತ್ತವೆ. ಬೇಕಾದ ಪ್ರೋಟೀನ್ ಬೇಯಿಸಿಕೊಳ್ಳಲಾಗದೆ ಅದು ಬೆಳೆಯುವುದು ನಿಲ್ಲುತ್ತದೆ. ಗದ್ದೆಯ ನೀರಿನಲ್ಲಿ ನಿಂತವರಿಗೆ ಇಲಿಜ್ವರ ಬಂದಾಗ ಡಾಕ್ಟರು ಬರೆಯುವ ಮಾತ್ರೆ ಈ ಜಾತಿಯದು. ಮತ್ತೆ ಕೆಲವು, ಬ್ಯಾಕ್ಟೀರಿಯಾ ಮರಿ ಮಾಡುವುದನ್ನೇ ತಡೆಯುತ್ತವೆ. ಟೈಫಾಯಿಡ್, ನ್ಯುಮೋನಿಯಾ, ಮೂತ್ರದ ಉರಿ, ಕೀವು ತುಂಬಿದ ಗಾಯ, ಕ್ಷಯ, ಇವಕ್ಕೆಲ್ಲ ಒಂದೊಂದಕ್ಕೂ ಬೇರೆ ಬೇರೆ. ನಮ್ಮಜ್ಜಿಯ ಅಣ್ಣ ಕಾಲಿಗೆ ಕತ್ತಿ ತಗುಲಿ, ಕೀವಾಗಿ ಸತ್ತನಂತೆ. ಈಗ ಅಂಥ ಕಾಲು ಹಿಡಿದು ಬಂದವರು ವಾರ ಕಳೆದು ನಡೆದುಕೊಂಡು ಬಂದು ಅಂಗಡಿ ಮುಂದೆ ಜಗಳ ಆಡುತ್ತಾರೆ. ಅದು ನೋಡಲು ನನಗೆ ಖುಷಿ.

ಆದರೆ ಮಾತ್ರೆಗೆ ಕಣ್ಣಿಲ್ಲ. ನಮ್ಮ ಕರುಳಿನಲ್ಲಿ ನಮಗೆ ಬೇಕಾದ ಬ್ಯಾಕ್ಟೀರಿಯಾಗಳೂ ಸಂಸಾರ ಹೂಡಿರುತ್ತವೆ. ರೋಗದ್ದನ್ನು ಹುಡುಕುತ್ತಾ ಹೋದ ಔಷಧಿ ದಾರಿಯಲ್ಲಿ ಅವನ್ನೂ ಒದೆಯುತ್ತದೆ. ಹೊಟ್ಟೆ ಕೆಡುವುದು, ಬಾಯಿ ಹುಣ್ಣಾಗುವುದು ಹೆಚ್ಚಾಗಿ ಇದರಿಂದಲೇ. ಒಂದೊಂದಕ್ಕೆ ಒಂದೊಂದು ಚಾಳಿ ಬೇರೆ. ಆ ಇಲಿಜ್ವರದ ಮಾತ್ರೆಯನ್ನು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟರೆ ಗಂಟಲ ಕೆಳಗೆ ಸುಟ್ಟ ಹಾಗೆ ಉರಿಯುತ್ತದೆ. ಕ್ಷಯದ ಮಾತ್ರೆಯಲ್ಲೊಂದು ಮೂತ್ರವನ್ನು ಕೆಂಪಗೆ ಮಾಡುತ್ತದೆ. ಮೊದಲೇ ಹೇಳಿ ಕಳಿಸದಿದ್ದರೆ ಆ ಮನುಷ್ಯ ಮಾರನೆಯ ದಿನ ಸಾವನ್ನು ಕಂಡವನಂತೆ ಬಂದು ನಿಲ್ಲುತ್ತಾನೆ. ಭೇದಿಗೆ ಕೊಡುವ ಇನ್ನೊಂದು ಮಾತ್ರೆಯ ಜೊತೆ ಕುಡಿಯಬಾರದು. ಮಾರನಹಳ್ಳಿ ಕಡೆಯ ಒಬ್ಬಾತ ಹೇಳಿದರೂ ಕೇಳದೆ ಕುಡಿದು, ರಾತ್ರಿಯೆಲ್ಲ ವಾಂತಿ ಮಾಡಿಕೊಂಡು, ಇನ್ನು ಬಾಟಲಿ ಮುಟ್ಟುವುದಿಲ್ಲ ಎಂದು ಮನೆದೇವರ ಮೇಲೆ ಆಣೆ ಇಟ್ಟನಂತೆ. ಮೂರನೇ ದಿನ ಅವನ ಹೆಂಡತಿ ಅಂಗಡಿಗೆ ಬಂದಳು.

“ಆ ಮಾತ್ರೆ ಇನ್ನೊಂದಷ್ಟು ಕೊಡವ್ವ.”

“ಭೇದಿ ಇನ್ನೂ ನಿಂತಿಲ್ವಾ?”

“ಭೇದಿ ನಿಂತದೆ. ಕುಡಿಯೋದೂ ನಿಂತದೆ. ಇನ್ನೊಂದು ವರ್ಷಕ್ಕೆ ಆಗೋವಷ್ಟು ಕೊಡು.”

ಕೊಡಲಿಲ್ಲ. ಅವಳು ಹೋಗುವಾಗ ನನ್ನನ್ನು ನೋಡಿದ ನೋಟ, ಹೆಣ್ಣಾಗಿಯೂ ಹೀಗೆ ಮಾಡ್ತೀಯಲ್ಲ ಎನ್ನುವ ಹಾಗಿತ್ತು.

ಇಷ್ಟೆಲ್ಲ ಬಾಯಿಪಾಠ ಇಟ್ಟುಕೊಂಡಿದ್ದರೂ ಆ ಶನಿವಾರ ಮನೆಗೆ ಬಂದು, ಮೊಸರಾಗದ ಪಾತ್ರೆಯ ಮುಂದೆ ಕುಳಿತಾಗ ನನಗೂ ಏನೂ ಹೊಳೆಯಲಿಲ್ಲ. ಪಾತ್ರೆ ತೊಳೆಯುವ ಸೋಪು ಬದಲಾಯಿಸಿದ್ದೀರಾ ಎಂದು ಕೇಳಿದೆ. ಇಲ್ಲ. ಹಾಲು ಬಿಸಿ ಇರುವಾಗಲೇ ಹೆಪ್ಪು ಹಾಕಿದೆಯಾ ಎಂದು ಮನೆಯ ಹೊಸ ಸೊಸೆಯನ್ನು ಕೇಳಿದೆ.

ಅಜ್ಜಿ ಒಲೆಯ ಮುಂದಿನಿಂದಲೇ ಉತ್ತರ ಕೊಟ್ಟಳು. “ಎಲ್ಲ ನೋಡಿವ್ನಿ ಬುಡು. ಉಗುರು ಬೆಚ್ಚಗೆ ಇತ್ತು. ಹಾಲು ಸರಿಯಾಗೈತೆ, ಹೆಪ್ಪು ಸರಿಯಾಗೈತೆ. ಕೈ ಒಂದು ಸರಿಯಿಲ್ಲ.”

“ಕೈ ಹೆಂಗಜ್ಜಿ ಸರಿಯಿಲ್ದಂಗೆ ಆಗ್ತದೆ? ಮೊನ್ನೆ ತನಕ ಇದೇ ಕೈಲಿ ಮೊಸರಾಗ್ತಿತ್ತಲ್ಲ.”

“ನೀನು ಓದಿರೋದು ಮಾತ್ರೆ ಮಾರಕ್ಕೆ ಕಣವ್ವ, ಹಾಲು ಕಾಯ್ಸಕ್ಕಲ್ಲ. ಇವತ್ತಿಂದ ಹೆಪ್ಪು ನಂದು. ಅವ್ಳು ಕೊಯ್ಲು ಮುಗಿಯೋಗಂಟ ತವರಿಗೆ ಹೋಗ್ಬರ್ಲಿ. ನಾನೇನು ಬೈದ್ನಾ, ಹೊಡೆದ್ನಾ?”

ಅದು ನಿಜ. ಅಜ್ಜಿ ಬೈಯುವವಳಲ್ಲ, ಕೆಟ್ಟವಳೂ ಅಲ್ಲ. ಮನೆಗೆ ಬಂದ ಮುಯ್ಯಾಳುಗಳ ಎಲೆಗೆ ಮೊಸರು ಬೀಳದಿದ್ದರೆ ತಾನು ತಲೆಯೆತ್ತಿ ನಡೆಯುವುದು ಹೇಗೆಂಬ ಹೆದರಿಕೆ ಅವಳದು. ಅವ್ವ ಇಬ್ಬರ ಮಧ್ಯೆ ಕುಳಿತು ಅವರೆಕಾಯಿ ಸುಲಿಯುತ್ತಾ, “ಅತ್ತೆ, ಇರ್ಲಿ ಬುಡಿ” ಎಂದು ಅಜ್ಜಿಗೂ, “ಸುಮ್ನಿರವ್ವ” ಎಂದು ನನಗೂ ಹೇಳುತ್ತಿದ್ದಳು. ಸೊಸೆ ಮಾತ್ರ ಕೊಟ್ಟಿಗೆಗೆ ಹುಲ್ಲು ಹೊತ್ತುಕೊಂಡು ಹೋದಳು. ಸಿಟ್ಟು ಬಂದಾಗ ಅವಳು ಎರಡು ಪಟ್ಟು ಕೆಲಸ ಮಾಡುತ್ತಾಳೆ.

ನಾನೂ ಅವಳ ಹಿಂದೆ ಕೊಟ್ಟಿಗೆಗೆ ಹೋದೆ. ನಮ್ಮದು ಒಂದೇ ಹಸು. ಮನೆ ಖರ್ಚಿಗಷ್ಟೇ ಹಾಲು, ಡೈರಿಗೆ ಹಾಕುವಷ್ಟು ಇಲ್ಲ. ತಮ್ಮ ಹಾಲು ಕರೆಯಲು ಕುಳಿತಿದ್ದ. ಅವನ ಮುಂದೆ ಬಕೆಟ್ಟು, ಪಕ್ಕದಲ್ಲೊಂದು ಹಳೆಯ ಪೇಂಟ್ ಡಬ್ಬ. ಒಂದು ಮೊಲೆಯದನ್ನು ಡಬ್ಬಕ್ಕೆ ಕರೆದ. ಆಮೇಲೆ ಉಳಿದ ಮೂರನ್ನು ಬಕೆಟ್ಟಿಗೆ ಕರೆಯತೊಡಗಿದ.

“ಅದೇನ್ಲಾ, ಅದಕ್ಕೆ ಬೇರೆ ಡಬ್ಬ?”

“ಆ ಮೊಲೆಗೆ ಕೆಚ್ಚಲು ಬಾವು ಬಂದಿತ್ತು ಕಣಕ್ಕ. ದನದ ಡಾಕ್ಟ್ರು ಬಂದಿದ್ರು. ಮೊಲೆ ಒಳಗೆ ಟ್ಯೂಬ್ ಬುಟ್ರು, ಸೂಜಿನೂ ಹಾಕಿದ್ರು. ಇವತ್ತಿಗೆ ಸೂಜಿ ಮುಗೀತು. ಈಗ ಪರವಾಗಿಲ್ಲ.”

“ಹಾಲು ಕುಡಿಬ್ಯಾಡಿ ಅನ್ಲಿಲ್ವಾ?”

“ಅಂದ್ರು. ಔಷಧಿ ಮುಗಿದ ಮೇಲೂ ಇಷ್ಟು ದಿನ ಬುಟ್ಟು ಬಳಸಿ ಅಂದ್ರು. ಅದಕ್ಕೇ ಅಲ್ವಾ ಆ ಮೊಲೆದು ಪೂರ್ತಿ ಚೆಲ್ತಾ ಇರೋದು. ಒಂದು ತೊಟ್ಟೂ ಒಳಗೆ ಬುಟ್ಟಿಲ್ಲ.”

ಅವನು ಅದನ್ನು ಹೇಳಿದ್ದು ಬಹಳ ಜವಾಬ್ದಾರಿಯಿಂದ. ನಾನು ಹುಲ್ಲಿನ ಹೊರೆಯ ಮೇಲೆ ಕುಳಿತೆ.

“ಸೂಜಿ ಎಲ್ಲಿಗೆ ಹಾಕಿದ್ರೋ?”

“ಕುತ್ತಿಗೆಗೆ.”

“ಕುತ್ತಿಗೆಗೆ ಹಾಕಿದ ಔಷಧಿ ಆ ಮೊಲೆಗೆ ಹೆಂಗೆ ಹೋಯ್ತು?”

“ರಕ್ತದಲ್ಲಿ ಹೋಯ್ತದೆ.”

“ರಕ್ತದಲ್ಲಿ ಹೋಗೋ ಔಷಧಿ, ನಾಲ್ಕು ಮೊಲೇಲಿ ಬಾವು ಬಂದಿರೋ ಮನೆ ಯಾವ್ದು ಅಂತ ಕೇಳ್ಕೊಂಡು ಒಂದರೊಳಕ್ಕೇ ನುಗ್ತಾ?”

ತಮ್ಮ ಕರೆಯುವುದನ್ನು ನಿಲ್ಲಿಸಿದ. “ನಾಲ್ಕು ಮೊಲೆಗೂ ಕೆಚ್ಚಲೊಳಗೆ ಬೇರೆ ಬೇರೆ ಮನೆ ಕಣಕ್ಕ. ಮಧ್ಯ ಗೋಡೆ ಐತೆ. ಒಂದರ ಹಾಲು ಇನ್ನೊಂದಕ್ಕೆ ಬರಲ್ಲ, ಬೇಕಾದ್ರೆ ಡಾಕ್ಟ್ರನ್ನೇ ಕೇಳು.”

“ಗೋಡೆ ಐತೆ, ನಾನು ಇಲ್ಲ ಅಂದ್ನಾ. ಮನೆ ಬೇರೆ ಬೇರೆ, ನೀರಿನ ಪೈಪು ಒಂದೇ ಅಲ್ವಾ? ನಾಲ್ಕಕ್ಕೂ ಬರೋದು ಅದೇ ರಕ್ತ.”

ಅವನು ಬಕೆಟ್ಟಿನೊಳಗೆ ನೋಡಿದ. ನೊರೆ ನೊರೆಯಾಗಿ ಬಿಳಿಯ ಹಾಲು. ನೋಡಿದರೆ ಏನೂ ತಿಳಿಯುವುದಿಲ್ಲ. ಸೊಸೆ ಹುಲ್ಲು ಹಾಕುವುದನ್ನು ಬಿಟ್ಟು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

“ಮೊಸರು ಅಂದ್ರೇನು?” ಎಂದು ಅವಳನ್ನೇ ಕೇಳಿದೆ. “ಹೆಪ್ಪಲ್ಲಿ ಬ್ಯಾಕ್ಟೀರಿಯಾ ಇರ್ತಾವೆ. ಒಳ್ಳೇವು. ಅವು ರಾತ್ರಿಯೆಲ್ಲ ಹಾಲಲ್ಲಿ ಮರಿ ಮಾಡಿ ಹುಳಿ ಬುಟ್ರೆ ಹಾಲು ಗಟ್ಟಿ ಆಗ್ತದೆ. ಹಾಲಲ್ಲೇ ಆಂಟಿಬಯಾಟಿಕ್ ಕೂತಿದ್ರೆ, ನೀನು ಹಾಕಿದ ಹೆಪ್ಪು ಒಳಗೆ ಹೋಗ್ತಿದ್ದಂಗೇ ಸಾಯ್ತದೆ. ನೀನಲ್ಲ, ದೇವ್ರು ಬಂದು ಹೆಪ್ಪು ಹಾಕಿದ್ರೂ ಅಷ್ಟೇ.”

“ಕಾಯ್ಸಿದ್ರೆ ಹೋಗಲ್ವಾ ಅಕ್ಕ?”

“ಕಾಯ್ಸಿದ್ರೆ ಕ್ರಿಮಿ ಸಾಯ್ತದೆ. ಔಷಧಿ ಮುಕ್ಕಾಲು ಪಾಲು ಅಲ್ಲೇ ಉಳಿತದೆ.”

ತಮ್ಮನ ಫೋನಿನಿಂದಲೇ ದನದ ಡಾಕ್ಟರಿಗೆ ಮಾತಾಡಿದೆ. ಪೆನಿಸಿಲಿನ್ ಜಾತಿಯದೇ ಎಂದರು. ಹಾಲು ಚೆಲ್ಲಿ ಎಂದು ಹೇಳಿದ್ದೆನಲ್ಲ, ಅಂದರೆ ನಾಲ್ಕೂ ಮೊಲೆಯದು ಎಂದೂ ಅಂದರು. ಅವರು ಹೇಳಿದ್ದು ‘ಹಾಲು’ ಎಂದು. ನಮ್ಮವನು ಕೇಳಿಸಿಕೊಂಡಿದ್ದೂ ಹಾಲು ಎಂದೇ. ಆದರೆ ಕರೆದ ಹಾಲನ್ನು ಪೂರ್ತಿ ಚೆಲ್ಲುವುದು ದನ ಸಾಕಿದವರ ಕೈಗೆ ಬರುವ ಕೆಲಸವಲ್ಲ. ಕೈ ತಾನಾಗಿ ಕೆಟ್ಟದ್ದನ್ನು ಒಂದು ಡಬ್ಬಕ್ಕೆ, ಒಳ್ಳೆಯದನ್ನು ಒಂದು ಬಕೆಟ್ಟಿಗೆ ಹಂಚಿಬಿಡುತ್ತದೆ.

ಪೆನಿಸಿಲಿನ್ ಎಂದಾಕ್ಷಣ ನನಗೆ ಅವ್ವ ನೆನಪಾದಳು. ಅವ್ವನಿಗೆ ಅದು ಆಗಿಬರುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಗಂಟಲುನೋವಿಗೆ ಆ ಇಂಜೆಕ್ಷನ್ ಕೊಟ್ಟ ಮೇಲೆ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರು ಸಿಕ್ಕಿಕೊಂಡಿತ್ತು. ಡಾಕ್ಟರು ಅಲ್ಲೇ ಇದ್ದುದರಿಂದ ಉಳಿದಳು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಆದವರು ಅದನ್ನು ಮತ್ತೆ ಮುಟ್ಟಬಾರದು. ಹಾಲಿನಲ್ಲಿ ಉಳಿದಷ್ಟು ಸ್ವಲ್ಪವೂ ಅಂಥವರಿಗೆ ತೊಂದರೆ ಕೊಡಬಹುದು. ನಾನು ಅಡುಗೆಮನೆಗೆ ಓಡಿದೆ.

“ಅವ್ವ, ಈ ವಾರ ನಮ್ ಹಸಿನ ಹಾಲು ಕುಡುದ್ಯಾ?”

“ಹಾಲು ನಾನ್ಯಾವತ್ತು ಕುಡ್ದಿವ್ನಿ?”

ನಿಜ. ಅವ್ವನಿಗೆ ಹಾಲೆಂದರೆ ಆಗದು. ಬೆಲ್ಲದ ಕರಿಕಾಫಿ ಕುಡಿಯುವವಳು. ಆದರೆ ಮೊಸರಾದರೆ ಬಟ್ಟಲುಗಟ್ಟಲೆ ಉಣ್ಣುತ್ತಾಳೆ. ಆ ವಾರ ಮೊಸರೇ ಆಗಿರಲಿಲ್ಲ. ಮೊಸರಾಗದೆ ಹೋದದ್ದೇ ಅವಳನ್ನು ಕಾಪಾಡಿತ್ತು. ನಾನು ನಗುತ್ತಾ ಹೋಗಿ ಸೊಸೆಯ ಬೆನ್ನಿಗೆ ಒಂದು ಗುದ್ದು ಕೊಟ್ಟೆ. “ನಿನ್ ಕೈಗುಣ ಹಿಂಗೇ ಇರ್ಲಿ ಕಣೇ ತಾಯಿ” ಎಂದೆ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವ್ವನ ಮುಖವನ್ನೇ ನೋಡುತ್ತಾ ನಿಂತಳು.

ಇನ್ನು ಅಜ್ಜಿ. ನಾನು ಗೋಡೆ, ಗಾರೆ, ರಕ್ತ, ಪೈಪು ಎಲ್ಲ ಹೇಳಿದೆ. ಅಜ್ಜಿ ಕೇಳಿದಳು, ತಲೆಯನ್ನೂ ಆಡಿಸಿದಳು.

“ಹಸೀಗೆ ಸೂಜಿ ಹಾಕಿದ್ರೆ ಮೊಸರಾಗಲ್ಲ ಅನ್ನು.”

“ಹೂಂ ಅಜ್ಜಿ.”

“ನಾನೂ ಈ ಮನೇಲಿ ಎಷ್ಟೋ ಹಸ ಸಾಕಿವ್ನಿ. ಬಾವು ಬಂದ್ರೆ ಅರಿಸಿನ ಹಚ್ತಿದ್ವು. ಮೊಸರಾಗ್ತಿತ್ತು.”

“ಅರಿಸಿನ ಹಚ್ಚಿದ್ರೆ ಮೊಸರಾಗ್ತದೆ. ಅದಕ್ಕೇ ಹೇಳ್ತಿರೋದು, ಸೂಜಿ ಹಾಕಿದ್ರೆ ಆಗಲ್ಲ.”

“ನಾನು ಹಾಕಿದ ಹೆಪ್ಪು ಈ ಕೇರಿಲಿ ಯಾವತ್ತಾದ್ರೂ ತಪ್ಪೈತಾ, ಕೇಳ್ಕೊಂಡ್ ಬಾ ಹೋಗು.”

ಅಲ್ಲಿ ನನಗೆ ದಾರಿ ಸಿಕ್ಕಿತು. ಓದಿದ್ದನ್ನು ಬಾಯಲ್ಲಿ ಹೇಳುವುದಕ್ಕಿಂತ ಅಜ್ಜಿಯ ಕೈಯಲ್ಲೇ ಮಾಡಿಸುವುದು ಸುಲಭ ಎನ್ನಿಸಿತು. ದೊಡ್ಡಮ್ಮನ ಮನೆಗೆ ಹೋಗಿ ಅವರ ಹಸುವಿನ ಹಾಲನ್ನೂ ಒಂದಿಷ್ಟು ಹೆಪ್ಪನ್ನೂ ಕೇಳಿದೆ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ, ಆದ್ದರಿಂದ ಬಿಸಿಲು ಇರುವಾಗಲೇ ಓಡಿದೆ.

“ಏನವ್ವ, ನಿಮ್ಮನೆ ಸೊಸೆ ಕೈಲಿ ಹಾಲೂ ಕೆಡ್ತದಂತೆ?” ಎಂದರು ದೊಡ್ಡಮ್ಮ, ಬಟ್ಟಲು ಕೊಡುತ್ತಾ.

ಅಂದರೆ ಸುದ್ದಿ ಬೇಲಿ ದಾಟಿತ್ತು. “ನಾಳೆ ಬೆಳಿಗ್ಗೆ ಬಂದು ನೋಡ್ಕೊಂಡು ಹೋಗಿ ದೊಡ್ಡಮ್ಮ” ಎಂದೆ.

ಸಂಜೆ ಎರಡು ಪಾತ್ರೆ ಇಟ್ಟೆ. ಒಂದರಲ್ಲಿ ನಮ್ಮ ಹಸುವಿನ ಹಾಲು, ಒಂದರಲ್ಲಿ ದೊಡ್ಡಮ್ಮನ ಮನೆಯದು. ಎರಡನ್ನೂ ಒಟ್ಟಿಗೆ ಕಾಯಿಸಿ ಒಟ್ಟಿಗೆ ಆರಿಸಿದೆ. ನಮ್ಮ ಹಾಲಿಗೆ ಅಜ್ಜಿ ಹೆಪ್ಪು ಹಾಕಬೇಕು, ಪಕ್ಕದ ಮನೆಯ ಹಾಲಿಗೆ ಸೊಸೆ. ಹೆಪ್ಪು ಒಂದೇ ಬಟ್ಟಲಿನದು. ಅಜ್ಜಿ ಕೈತೊಳೆದು, ದೇವರ ಕಡೆ ಒಮ್ಮೆ ನೋಡಿ, ಹೆಪ್ಪು ಹಾಕಿ ಕಲಕಿದಳು. ಇನ್ನೊಂದು ಚಮಚ ಜಾಸ್ತಿಯೇ ಹಾಕಿಕೊಂಡಳು. ನಾನು ಕಂಡೂ ಕಾಣದವಳಂತೆ ಬಟ್ಟಲನ್ನು ಸೊಸೆಯ ಕಡೆ ಸರಿಸಿದೆ. ಸೊಸೆ ಅಳೆದ ಹಾಗೆ ಒಂದೇ ಚಮಚ ಹಾಕಿ ಕಲಕಿದಳು. ಎರಡನ್ನೂ ಒಂದೇ ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟೆವು.

“ಅವ್ರ್ ಮನೆ ಹಾಲಿಗೆ ದೃಷ್ಟಿ ಇಲ್ಲ, ಅದು ಹೆಂಗಿದ್ರೂ ಆಗ್ತದೆ” ಎಂದಳು ಅಜ್ಜಿ.

“ಕೈ ಸರಿಯಿಲ್ದಿದ್ರೂ ಆಗ್ತದಾ ಅಜ್ಜಿ?”

ಅಜ್ಜಿ ಎಲೆಯಡಿಕೆ ಚೀಲ ಹುಡುಕುತ್ತಾ ಎದ್ದಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಡುಗೆಮನೆಯಲ್ಲಿ ಆಗಲೇ ಜನ ಸೇರಿದ್ದರು. ದೊಡ್ಡಮ್ಮನೂ ಬಂದು ಬಾಗಿಲ ಹತ್ತಿರ ಕುಳಿತಿದ್ದರು. ಅಪ್ಪ ಹಲ್ಲುಜ್ಜುವ ನೆಪದಲ್ಲಿ ಕಿಟಕಿಯಿಂದ ಇಣುಕುತ್ತಿದ್ದರು. ಕಂಬಳಿ ಬಿಚ್ಚಿದ್ದು ಅಜ್ಜಿಯೇ. ತನ್ನ ಪಾತ್ರೆಯನ್ನು ಮೊದಲು ತೆಗೆದು ಮುಚ್ಚಳ ಎತ್ತಿ, ಬಾಗಿಸಿದಳು. ಹಾಲು ನೀರಿನ ಹಾಗೆ ಅತ್ತ ಇತ್ತ ಓಲಾಡಿತು. ಸೊಸೆಯದನ್ನು ತೆಗೆದು ಬಾಗಿಸಿದಳು. ಅಲುಗಲಿಲ್ಲ. ಇನ್ನಷ್ಟು ಬಾಗಿಸಿದಳು. ಬೆರಳಿನಿಂದ ಒತ್ತಿದಳು. ಬೆರಳಿನ ಗುರುತು ಹಾಗೇ ನಿಂತಿತು.

ಅಜ್ಜಿ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

“ಏನತ್ತೆ, ಈಗ ನೀವು ತವರಿಗೆ ಹೋಗ್ಬೇಕಾಯ್ತದೆ” ಎಂದರು ದೊಡ್ಡಮ್ಮ.

ಮೊದಲು ನಕ್ಕಿದ್ದು ಅವ್ವ. ಆಮೇಲೆ ಕಿಟಕಿಯಾಚೆ ಅಪ್ಪನ ಬಾಯಿಯ ನೊರೆ ಹಾರಿತು. ಅಜ್ಜಿ ನಗು ತಡೆಯಲು ನೋಡಿ, ಆಗದೆ, ಸೆರಗು ಬಾಯಿಗೆ ಒತ್ತಿಕೊಂಡಳು. “ನನ್ ತವರಲ್ಲಿ ಯಾರವ್ರೆ ಈಗ, ಹೋದ್ರೆ ಗದ್ದೆಬದಿಲಿ ಕೂರ್ಬೇಕು” ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಕೈ ಸರಿಯಾಗೈತೆ ಬುಡವ್ವ. ಹಸಾನೇ ಸರಿಯಿಲ್ಲ” ಎಂದಳು. ಅಜ್ಜಿಯ ಬಾಯಲ್ಲಿ ಕ್ಷಮೆ ಕೇಳುವುದೆಂದರೆ ಇಷ್ಟೇ.

ನಾಲ್ಕೂ ಮೊಲೆಯ ಹಾಲು ಅಂದಿನಿಂದ ಗುಂಡಿಗೆ ಹೋಯಿತು. ಸುರಿಯುವಾಗ ತಮ್ಮ ಮುಖವನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಕರುವಿಗಾದರೂ ಬಿಡಲೇ ಎಂದು ಕೇಳಿದ, ಬೇಡವೆಂದರು ಡಾಕ್ಟರು. ಅಜ್ಜಿ ಸೋಮವಾರ ಹಸುವಿಗೆ ಮೆಣಸಿನಕಾಯಿ, ಉಪ್ಪು ನೀವಾಳಿಸಿ ಒಲೆಗೆ ಹಾಕಿದಳು. ಕೊಯ್ಲು ಕಳೆದು, ಡಾಕ್ಟರು ಹೇಳಿದ ದಿನಗಳೆಲ್ಲ ಮುಗಿದ ಮೇಲೆ ನಮ್ಮ ಹಾಲು ಮತ್ತೆ ಮೊಸರಾದಾಗ, ಶ್ರೇಯಸ್ಸೆಲ್ಲ ಮೆಣಸಿನಕಾಯಿಗೆ ಹೋಯಿತು. ನಾನು ವಾದ ಮಾಡಲಿಲ್ಲ. ಸೊಸೆಯ ಕೈ ಆ ಲೆಕ್ಕದಿಂದ ಹೊರಗೆ ಬಂದಿತ್ತಲ್ಲ, ಅಷ್ಟು ಸಾಕಿತ್ತು.

ಕೊಯ್ಲಿನ ದಿನ ನಾನು ರಜೆ ಹಾಕಿದೆ. ನಮ್ಮ ಹಾಲು ಇನ್ನೂ ಗುಂಡಿಗೇ ಹೋಗುತ್ತಿದ್ದುದರಿಂದ ಕೇರಿಯ ಎರಡು ಮನೆಗಳಿಂದ ಹಾಲು ತಂದು ಹಿಂದಿನ ಸಂಜೆ ಸೊಸೆ ದೊಡ್ಡ ಪಾತ್ರೆಗೆ ಹೆಪ್ಪು ಹಾಕಿದ್ದಳು. ಬೆಳಗಿನ ಇಬ್ಬನಿ ಆರುವ ಮೊದಲೇ ಜನ ಗದ್ದೆಗಿಳಿದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಗದ್ದೆ ಬೋಳಾಗಿತ್ತು. ಅಂಗಳದಲ್ಲಿ ಎಲೆ ಹಾಕಿದೆವು. ಅನ್ನ, ಅವರೆಕಾಳು ಸಾರು, ಪಲ್ಯ, ಪಾಯಸ. ಕೊನೆಗೆ ಸೊಸೆ ಮೊಸರಿನ ಪಾತ್ರೆ ಸೊಂಟಕ್ಕೆ ಆನಿಸಿಕೊಂಡು ಬಂದಳು. ಹಿಂದಿನ ವಾರದ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಎಲೆ ನೋಡುವುದನ್ನು ಬಿಟ್ಟು ಸೌಟನ್ನು ನೋಡುತ್ತಿದ್ದರು. ಮೊದಲ ಎಲೆಗೆ ಬಿದ್ದ ಮೊಸರು ಹರಿಯದೆ, ಬಿದ್ದಲ್ಲೇ ಕುಳಿತುಕೊಂಡಿತು.

“ಕತ್ತೀಲಿ ಕುಯ್ಯಂಗೈತಲ್ಲವ್ವ” ಎಂದ ಸಾಲಿನ ತುದಿಯ ಮುದುಕ. “ಆಲೂರು ಕಡೆ ಹಿಂಗೇನಾ?”

“ಆಲೂರು ಕಡೆದಲ್ಲ” ಎಂದಳು ಅಜ್ಜಿ, ಜಗಲಿಯ ಮೇಲಿಂದ. “ನಮ್ಮನೆದು.”

ಸೊಸೆ ತಲೆ ಎತ್ತಲಿಲ್ಲ, ಆದರೆ ಮುಂದಿನ ಎಲೆಗೆ ಬಿದ್ದ ಸೌಟು ಮೊದಲಿನದಕ್ಕಿಂತ ದೊಡ್ಡದಾಗಿತ್ತು. ಕೇಳಿದವರಿಗೆಲ್ಲ ಎರಡು ಸಲ ಹಾಕಿದಳು. ಬೇಡ ಎಂದವರಿಗೂ ಹಾಕಿದಳು. ಅವ್ವ ಬಡಿಸುವುದನ್ನು ಬಿಟ್ಟು ತನ್ನ ಬಟ್ಟಲು ಹಿಡಿದುಕೊಂಡು ಸಾಲಿನಲ್ಲಿ ಕುಳಿತೇಬಿಟ್ಟಳು.

ಗದ್ದೆಯವರು ಉಂಡೆದ್ದ ಮೇಲೆ ನಾನೂ ಸೊಸೆಯೂ ಅಡುಗೆಮನೆಯಲ್ಲಿ ಉಣ್ಣಲು ಕುಳಿತೆವು. ಅನ್ನ ಇತ್ತು, ಸಾರು ಇತ್ತು. ದೊಡ್ಡ ಪಾತ್ರೆಯಲ್ಲಿ ಮೊಸರು ಬಳಿದು ಹೋಗಿತ್ತು, ಅಂಚಿಗೆ ಅಂಟಿದ್ದೂ ಉಳಿದಿರಲಿಲ್ಲ. ಸೊಸೆ ಖಾಲಿ ಪಾತ್ರೆಯನ್ನು ಒಮ್ಮೆ ನೋಡಿ, ಅನ್ನಕ್ಕೆ ಬರಿ ಉಪ್ಪಿನಕಾಯಿ ಕಲಸಿಕೊಂಡು ದೊಡ್ಡ ದೊಡ್ಡ ತುತ್ತು ಉಣ್ಣತೊಡಗಿದಳು. ಒಲೆಯ ಮೇಲಿನ ಗೂಡಿನಲ್ಲಿ ಒಂದು ಸಣ್ಣ ಬಟ್ಟಲು ಮುಚ್ಚಿಟ್ಟಿದ್ದು ನನಗೆ ಕಂಡಿತು. ಮುಚ್ಚಳ ಎತ್ತಿದರೆ ಮೊಸರು. ಬೆರಳು ಹಾಕಲು ಹೋದೆ.

ಅವಳು ಎಂಜಲು ಕೈಯನ್ನು ಹಿಂದೆ ಇಟ್ಟುಕೊಂಡು, ಎಡಗೈಯಿಂದ ಬಟ್ಟಲನ್ನು ನನ್ನಿಂದ ಕಿತ್ತು ಮತ್ತೆ ಗೂಡಿನಲ್ಲಿಟ್ಟಳು.

“ಅದು ನಾಳೆ ಹೆಪ್ಪಿಗೆ ಅಕ್ಕ. ಮುಟ್ಟಂಗಿಲ್ಲ.”

“ನಾನು ಡಿಗ್ರಿ ಓದಿರೋಳು ಕಣೇ.”

“ಯಾರಾದ್ರೂ ಅಷ್ಟೇ” ಎಂದು ಅವಳು ಉಪ್ಪಿನಕಾಯಿ ಭರಣಿಯನ್ನು ನನ್ನ ಕಡೆ ತಳ್ಳಿದಳು.